ಕೈತೋಟ ಪ್ರಶ್ನೋತ್ತರ: ಅಂದಕ್ಕೂ ಅಡುಗೆಗೂ ಒಂದೇ ಅಂಗಳ

ಮನೆ ಮುಂದಿನ ಕ್ರೋಟನ್, ಲಾನ್ ತೆಗೆದು ತಿನ್ನುವಂಥದ್ದನ್ನು ಬೆಳೆಯಬೇಕು, ಆದರೆ ನೋಡಿದವರಿಗೆ ಸೊಪ್ಪಿನ ಮಡಿಯಂತೆ ಕಾಣಬಾರದು ಎಂಬ ಬೇಡಿಕೆಯ ಪತ್ರಗಳೇ ಈ ಬಾರಿ ಹೆಚ್ಚು. ಊರು, ಮಣ್ಣು, ಬಾಗಿಲಿನ ದಿಕ್ಕು ಬೇರೆ ಬೇರೆ ಆಗುವಂತೆ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರ: ನಮ್ಮದು 30×40 ನಿವೇಶನ, ಪೂರ್ವದ ಬಾಗಿಲು. ಕಾರಿನ ಜಾಗ ಬಿಟ್ಟು ಮನೆ ಗೋಡೆಗೂ ಕಾಂಪೌಂಡ್‌ಗೂ ನಡುವೆ 12 ಅಡಿ ಉದ್ದ, 5 ಅಡಿ ಅಗಲದ ಮಣ್ಣು ಉಳಿದಿದೆ. ಕಳೆದ ವರ್ಷ ಮೆಂತ್ಯ, ಕೊತ್ತಂಬರಿ, ಮೂಲಂಗಿ ಹಾಕಿದೆವು. ಇರುವಷ್ಟು ದಿನ ಚೆಂದ, ಕಿತ್ತ ಮೇಲೆ ಬರೀ ಬೋಳು. ಹೇಗೆ ಯೋಜಿಸಬೇಕು?
— ಓದುಗರು, ಮೈಸೂರು

ಉ: ನೀವು ಹಾಕಿದ ಮೂರೂ ಬುಡಸಮೇತ ಕೀಳುವ ಬೆಳೆಗಳು, ಅದಕ್ಕೇ ಬೋಳು. ಮನೆ ಮುಂದಿನ ಜಾಗದಲ್ಲಿ ಮೂರನೇ ಎರಡು ಭಾಗ ವರ್ಷವಿಡೀ ಹಸಿರಾಗಿ ನಿಲ್ಲುವ ಗಿಡಗಳಿರಬೇಕು. ಕಿತ್ತು ತಿನ್ನುವ ಸೊಪ್ಪು ಅವುಗಳ ನಡುವಿನ ತೆರಪಿಗೆ ಮಾತ್ರ. ತೋಟದ ರೂಪವನ್ನು ಹಿಡಿದು ನಿಲ್ಲಿಸುವುದು ಅಂಚು ಮತ್ತು ಪೊದೆಗಳು. ಅವು ಗಟ್ಟಿಯಾಗಿದ್ದರೆ ನಡುವೆ ಒಂದು ಮೊಳ ಖಾಲಿ ಬಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಮಣ್ಣು. ಒಂದೂವರೆ ಅಡಿ ಆಳಕ್ಕೆ ಅಗೆದು ಇಟ್ಟಿಗೆ ಚೂರು, ಗಾರೆ, ಟೈಲ್ಸ್ ತುಂಡು ಎಲ್ಲವನ್ನೂ ಹೊರಹಾಕಿ. ನಿಮ್ಮ 60 ಚದರ ಅಡಿಗೆ 2 ಅಂಗುಲ ದಪ್ಪ ಕಾಂಪೋಸ್ಟ್ ಎಂದರೆ 10 ಘನ ಅಡಿ ಬೇಕು. ಸಿಮೆಂಟ್ ಚೀಲದ ಅಳತೆಯಲ್ಲಿ 8 ಚೀಲ. ಜೊತೆಗೆ ಒಂದೂವರೆ ಕಿಲೋ ಬೇವಿನ ಹಿಂಡಿ. ನಡೆದಾಡುವ ಬದಿಗೆ ಇಟ್ಟಿಗೆಯನ್ನು ಉದ್ದಕ್ಕೆ ಜೋಡಿಸಿ ಅರ್ಧ ಹೂತು ಅಂಚು ಕಟ್ಟಿ. 9 ಅಂಗುಲದ ಇಟ್ಟಿಗೆ ಆದರೆ 12 ಅಡಿಗೆ ಸರಿಯಾಗಿ 16 ಸಾಕು. ಈ ಒಂದು ಗೆರೆ ಇಲ್ಲದಿದ್ದರೆ ಎಷ್ಟು ಒಳ್ಳೆಯ ಗಿಡ ಹಾಕಿದರೂ ಮಳೆಗೆ ಮಣ್ಣು ಟೈಲ್ಸ್ ಮೇಲೆ ಹರಿದು ಇಡೀ ಜಾಗ ಗಲೀಜಾಗಿ ಕಾಣುತ್ತದೆ.

ಇನ್ನು ಗಿಡಗಳು. ಆಗ್ನೇಯದ ಮೂಲೆಗೆ ಒಂದು ದಾಳಿಂಬೆ, ಇನ್ನೊಂದು ತುದಿಗೆ ಒಂದು ಕರಿಬೇವು. ಎರಡೂ ಗೋಡೆಯಿಂದ ಎರಡೂವರೆ ಅಡಿ ದೂರ ಇರಲಿ, ಗೋಡೆಗೆ ಒತ್ತಿ ನೆಟ್ಟರೆ ಪಾಯಕ್ಕೆ ತೇವ ತಟ್ಟುತ್ತದೆ. ದಾಳಿಂಬೆಗೆ ನಿಮ್ಮಲ್ಲಿ ಮಧ್ಯಾಹ್ನದವರೆಗಿನ ಬಿಸಿಲಷ್ಟೇ ಸಿಗುವುದರಿಂದ ಕಾಯಿ ಕಡಿಮೆ. ಆದರೆ ಆ ಕೆಂಪು ಹೂವಿಗೇ ಅದನ್ನು ಇಟ್ಟುಕೊಳ್ಳಬಹುದು. ಒಂದು ವಾರ ಒಣಗಿಸಿ ಆಮೇಲೆ ಒಮ್ಮೆಗೇ ನೀರು ಸುರಿದರೆ ಕಾಯಿ ಸೀಳುತ್ತದೆ, ನೀರು ಒಂದೇ ಹದದಲ್ಲಿರಲಿ. ಕರಿಬೇವು ಸೊಂಟದೆತ್ತರ ಬಂದಾಗ ತುದಿ ಚಿವುಟಿ. ಮನೆಯವರು ಎಲೆ ಎಲೆಯಾಗಿ ಸುಲಿದು ತೆಗೆಯುವುದರಿಂದಲೇ ಕರಿಬೇವು ಕೋಲಿನಂತೆ ಬೆಳೆಯುತ್ತದೆ. ಅಡುಗೆಗೆ ಬೇಕಾದಾಗ ರೆಂಬೆಯ ತುದಿಯನ್ನೇ ಕತ್ತರಿಸಿಕೊಂಡರೆ ಕೆಳಗಿನ ಗಿಣ್ಣುಗಳಿಂದ ಕವಲು ಒಡೆದು ದುಂಡಗಾಗುತ್ತದೆ.

ಇವೆರಡರ ನಡುವೆ ಗೋಡೆ ಬದಿಗೆ ಎರಡು ಅಡಿಗೊಂದರಂತೆ ಮೂರು ಜೀರಿಗೆ ಮೆಣಸಿನ ಗಿಡ. ಮೂರು ನಾಲ್ಕು ವರ್ಷ ಬಾಳುವ ಪೊದೆ, ಹಸಿರು ಎಲೆಯ ಮೇಲೆ ಕೆಂಪು ಚುಕ್ಕಿಯಂಥ ಕಾಯಿ. ಇಟ್ಟಿಗೆ ಅಂಚಿಗೆ ದೊಡ್ಡಪತ್ರೆ: ಗೇಣುದ್ದದ 12 ಕಡ್ಡಿಗಳನ್ನು ಅಡಿಗೊಂದರಂತೆ ಚುಚ್ಚಿದರೆ ಮುಗಿಯಿತು. ತಿಂಗಳಿಗೊಮ್ಮೆ ತುದಿ ಕತ್ತರಿಸಿ ತಂಬುಳಿ ಮಾಡಿಕೊಳ್ಳಿ, ಬಿಟ್ಟರೆ ಬುಡ ಬರಿದಾಗಿ ಮಗುಚಿಕೊಳ್ಳುತ್ತದೆ.

ಉಳಿಯುವುದು ನಡುವಿನ ಪಟ್ಟಿ, ಸುಮಾರು ಒಂದೂವರೆ ಅಡಿ ಅಗಲ. ಮೇ ಕೊನೆಗೆ ಅಲ್ಲಿ ಅರಿಶಿನದ ಕೊನೆಗಳನ್ನು ಮುಕ್ಕಾಲು ಅಡಿಗೊಂದರಂತೆ ನೆಡಿ. ಅಗಲದ ಎಲೆ, ಮಳೆಗಾಲವಿಡೀ ನೋಡಲು ಯಾವ ಹೂಗಿಡಕ್ಕೂ ಕಡಿಮೆಯಿಲ್ಲ, ಕಡುಬಿಗೆ ಎಲೆಯೂ ಆಯಿತು. ಸಂಕ್ರಾಂತಿಯ ಆಸುಪಾಸಿಗೆ ಎಲೆ ಒಣಗುತ್ತದೆ. ಗಡ್ಡೆ ಅಗೆದ ಜಾಗಕ್ಕೆ ಸಬ್ಬಸಿಗೆ ಹಾಕಿ, ಬಿಸಿಲು ಏರಿದ ಮೇಲೆ ಕೆಂಪು ಹರಿವೆ. ಹರಿವೆ ಬೀಜ ತೀರ ಸಣ್ಣದು. ಚದರ ಮೀಟರಿಗೆ 2 ಗ್ರಾಂ ಬೀಜವನ್ನು ಹತ್ತು ಪಟ್ಟು ಒಣ ಮರಳಿನ ಜೊತೆ ಕಲಸಿ ಚೆಲ್ಲದಿದ್ದರೆ ಒಂದು ಕಡೆ ಗಿಜಿಗಿಜಿ, ಇನ್ನೊಂದು ಕಡೆ ಖಾಲಿ. ಕೊಯ್ಯುವಾಗ ಕೀಳಬೇಡಿ, ನಾಲ್ಕು ಬೆರಳು ಬುಡ ಬಿಟ್ಟು ಕತ್ತರಿಸಿ. ಎರಡು ಮೂರು ಸಲ ಮತ್ತೆ ಚಿಗುರುತ್ತದೆ, ಅಷ್ಟರಲ್ಲಿ ಅರಿಶಿನ ನೆಡುವ ಹೊತ್ತು ಬಂದಿರುತ್ತದೆ.

ಪ್ರ: ಉತ್ತರಕ್ಕೆ ಮುಖವಿರುವ ಎರಡು ಅಂತಸ್ತಿನ ಮನೆ. ಮುಂದೆ 5 ಅಡಿ ಜಾಗ. ಮೇ, ಜೂನ್‌ನಲ್ಲಿ ಟೊಮೆಟೊ, ಬದನೆ ಹುಲುಸಾಗಿ ಬಂದವು. ನವೆಂಬರ್‌ನಲ್ಲಿ ಅದೇ ಮಣ್ಣಿಗೆ ಹಾಕಿದ ಗಿಡ ಸಣಕಲಾಗಿ ಹೂವೆಲ್ಲ ಉದುರಿತು. ಗೊಬ್ಬರ ಸಾಲದೆ?
— ಓದುಗರು, ಬೆಂಗಳೂರು

ಉ: ಗೊಬ್ಬರವಲ್ಲ, ಬಿಸಿಲು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಆಗ ನಿಮ್ಮ ಮುಂಬಾಗಿಲಿಗೆ ಬಿಸಿಲು. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲಿ, 20 ಅಡಿ ಎತ್ತರದ ಮನೆಯ ನೆರಳು ನಡುಮಧ್ಯಾಹ್ನವೇ 15 ಅಡಿಯಷ್ಟು ಉತ್ತರಕ್ಕೆ ಚಾಚುತ್ತದೆ. ನಿಮ್ಮ 5 ಅಡಿ ಜಾಗ ಪೂರ್ತಿ ಅದರೊಳಗೆ. ಇಂಗ್ಲಿಷ್ ತೋಟಗಾರಿಕೆ ಪುಸ್ತಕಗಳಲ್ಲಿ ಉತ್ತರದ ಗೋಡೆ ಸದಾ ನೆರಳು ಎಂದಿರುವುದು ಅವರ ದೇಶಕ್ಕೆ ಸರಿ, ನಮಗೆ ಅರ್ಧ ವರ್ಷ ಮಾತ್ರ ಸರಿ.

ಆದ್ದರಿಂದ ನೆಲದಲ್ಲಿ ನೆರಳನ್ನು ತಾಳಿಕೊಳ್ಳುವ ಖಾಯಂ ಗಿಡಗಳಿರಲಿ: ಚಕ್ರಮುನಿ, ದೊಡ್ಡಪತ್ರೆ, ಒಂದೆಲಗ, ಪೊದೆ ಕಾಳುಮೆಣಸು. ಪುದೀನವೂ ಸರಿ, ಆದರೆ ತಳ ಕತ್ತರಿಸಿದ ಬಕೆಟ್ಟನ್ನು ಮಣ್ಣಲ್ಲಿ ಹೂತು ಅದರೊಳಗೇ ನೆಡಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಇಡೀ ಮಡಿ ಅದರದ್ದೇ. ಮೆಣಸಿನಕಾಯಿ, ಟೊಮೆಟೊ, ಬದನೆ 12 ಅಂಗುಲದ ಕುಂಡಗಳಲ್ಲಿರಲಿ. ಮೇಯಿಂದ ಆಗಸ್ಟ್‌ವರೆಗೆ ಬಾಗಿಲ ಮುಂದೆ, ಸೆಪ್ಟೆಂಬರ್‌ಗೆ ತಾರಸಿಗೆ. ನಿಂಬೆಗೆಂದು 18 ಅಂಗುಲದ ಕುಂಡ ತಂದರೆ ನೀರುಂಡ ಮಣ್ಣು ಸೇರಿ 60 ಕಿಲೋ ದಾಟುತ್ತದೆ, ಅದನ್ನು ಹೊತ್ತು ಮೆಟ್ಟಿಲು ಹತ್ತುವ ಆಸೆ ಬೇಡ. ಅಂಥದ್ದು ನೇರ ತಾರಸಿಯಲ್ಲೇ, ಬೀಮ್ ಇರುವ ಕಡೆ.

ಪ್ರ: ಹೊಸ ಮನೆಯ ಗೇಟಿನ ಪಕ್ಕ ನಿಂಬೆ ನೆಟ್ಟು ಎರಡು ವರ್ಷವಾಯಿತು. ಚಿಗುರೆಲ್ಲ ಹಳದಿ, ನರ ಮಾತ್ರ ಹಸಿರು. ಸಗಣಿ ಗೊಬ್ಬರ, ಹಿಂಡಿ ಎಷ್ಟು ಹಾಕಿದರೂ ಅಷ್ಟೇ.
— ಓದುಗರು, ತುಮಕೂರು

ಉ: ಎಲೆಯನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ. ಹಳದಿ ಮೊದಲು ಹಳೇ ಎಲೆಯಲ್ಲಿ ಕಂಡು ಎಲೆಯಿಡೀ ಒಂದೇ ಸಮ ಮಾಸಿದ್ದರೆ ಅದು ಸಾರಜನಕದ ಕೊರತೆ, ಹಿಂಡಿ ಹಾಕಿದರೆ ಸರಿಹೋಗಬೇಕಿತ್ತು. ಹೊಸ ಚಿಗುರಿನಲ್ಲೇ, ಸಣ್ಣ ಸಣ್ಣ ನರಗಳೂ ಹಸಿರು ಬಲೆಯಂತೆ ಉಳಿದು ನಡುವಿನ ಭಾಗ ಬಿಳಿಚಿಕೊಂಡಿದ್ದರೆ ಅದು ಕಬ್ಬಿಣದ ಕೊರತೆ. ನೀವು ಬರೆದಿರುವುದು ಎರಡನೆಯದು. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಮನೆ ಕಟ್ಟುವಾಗ ಗೇಟಿನ ಬಳಿ ಗಾರೆ ಕಲಸಿ, ಉಳಿದದ್ದನ್ನು ಅಲ್ಲೇ ಮುಚ್ಚಿರುತ್ತಾರೆ. ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ ಕಬ್ಬಿಣ ಬೇರಿಗೆ ದಕ್ಕದಂತಾಗುತ್ತದೆ. ನಿಂಬೆ ಜಾತಿಯ ಗಿಡಗಳು ಇದನ್ನು ಎಲ್ಲಕ್ಕಿಂತ ಬೇಗ ತೋರಿಸುತ್ತವೆ.

ಖಾತ್ರಿಯಾಗಬೇಕಿದ್ದರೆ ಒಂದು ಅಡಿ ಆಳದ ಒಣಮಣ್ಣು ಒಂದು ಹಿಡಿ ತೆಗೆದು ವಿನೆಗರ್ ಹನಿಸಿ. ಬುಸುಬುಸು ನೊರೆ ಎದ್ದರೆ ಸುಣ್ಣವಿದೆ.

ತಕ್ಷಣಕ್ಕೆ ಎಲೆಗೆ ಸಿಂಪಡಣೆ: ಒಂದು ಲೀಟರ್ ನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಸಿಡ್ (ದಿನಸಿ ಅಂಗಡಿಯ ನಿಂಬೆ ಉಪ್ಪು), ಅದು ಕರಗಿದ ಮೇಲೆ 5 ಗ್ರಾಂ ಫೆರಸ್ ಸಲ್ಫೇಟ್. ಈ ಅನುಕ್ರಮ ತಪ್ಪಿದರೆ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಬ್ಬಿಣ ಕಂದು ಗಸಿಯಾಗಿ ತಳ ಸೇರುತ್ತದೆ, ಎಲೆಗೆ ಏನೂ ಸಿಗುವುದಿಲ್ಲ. ಸಂಜೆ ಹೊತ್ತು, 15 ದಿನಕ್ಕೊಮ್ಮೆ ಮೂರು ಸಲ. ಪಕ್ಕದಲ್ಲಿ ಗ್ರಾನೈಟ್ ಅಥವಾ ಬಿಳಿ ಟೈಲ್ಸ್ ಇದ್ದರೆ ಗೋಣಿ ಹಾಸಿಕೊಳ್ಳಿ. ತುಕ್ಕಿನ ಕಲೆ ಬಿದ್ದರೆ ಹೋಗದು.

ಇದು ಬರೀ ಎಲೆಯ ಉಪಚಾರ. ಬೇರಿಗಾಗಿ, ಕಾಂಡದಿಂದ ಒಂದೂವರೆ ಅಡಿ ಬಿಟ್ಟು ಒಂದು ಅಡಿ ಅಗಲ, ಒಂದೂವರೆ ಅಡಿ ಆಳದ ಅರ್ಧಚಂದ್ರ ತೋಡಿ ಗಾರೆ ಮಣ್ಣು ತೆಗೆದು, ಕೆಮ್ಮಣ್ಣು ಮತ್ತು ಕಾಂಪೋಸ್ಟ್ ಸಮಸಮ ತುಂಬಿ. ಅದಕ್ಕೆ 100 ಗ್ರಾಂ ಗಂಧಕದ ಪುಡಿ ಕಲಸಿ. ಆರು ತಿಂಗಳ ನಂತರ ಇನ್ನೊಂದು ಬದಿ. ಒಂದೇ ಸಲ ಸುತ್ತಲೂ ಅಗೆದರೆ ಬೇರು ಕಡಿದು ಗಿಡವೇ ಹೋಗುತ್ತದೆ. ಗಂಧಕ ಮಣ್ಣಿನ ಸೂಕ್ಷ್ಮಜೀವಿಗಳ ಮೂಲಕ ಕೆಲಸ ಮಾಡುವುದರಿಂದ ತೇವ ಬೇಕು, ಎರಡು ಮೂರು ತಿಂಗಳೂ ಬೇಕು. ಅಗೆದಲ್ಲೆಲ್ಲ ಗಾರೆಯೇ ಸಿಕ್ಕರೆ ನಿಂಬೆಯ ಆಸೆ ಬಿಟ್ಟು ಅಲ್ಲಿ ಅಂಜೂರ ಹಾಕಿ. ಅದು ಸುಣ್ಣಕ್ಕೆ ಅಂಜುವ ಗಿಡವಲ್ಲ, ಎಲೆಯ ಆಕಾರವೂ ಚೆಂದ.

ಪ್ರ: ಮಂಗಗಳ ಕಾಟ ವಿಪರೀತ. ಬಾಳೆ, ಪೇರಲೆ, ಪಪ್ಪಾಯಿ ಏನೂ ಉಳಿಯುತ್ತಿಲ್ಲ. ಅಂಗಳಕ್ಕೆ ಹೂಗಿಡವೇ ಗತಿಯೇ?
— ಓದುಗರು, ಸಾಗರ

ಉ: ಹಣ್ಣನ್ನು ಮರೆಯಿರಿ. ಘಾಟು, ಖಾರ, ತುರಿಕೆ ಇರುವುದನ್ನು ಮಂಗ ಸಾಮಾನ್ಯವಾಗಿ ಕಿತ್ತು ಮೂಸಿ ಎಸೆಯುತ್ತದೆ, ಮತ್ತೆ ಮತ್ತೆ ಬರುವುದಿಲ್ಲ. ಅಂಥವುಗಳಲ್ಲೇ ಅಂಗಳ ಚೆನ್ನಾಗಿ ಕಾಣುತ್ತದೆ: ಹಿಂದೆ ಕರಿಬೇವು, ನಡುವೆ ಅರಿಶಿನ ಮತ್ತು ಮಾವಿನಶುಂಠಿ, ನೀರು ನಿಲ್ಲುವ ಕಡೆ ಕಪ್ಪು ದಂಟಿನ ಕೆಸು, ಧರೆಯ (ಕಡಿದ ಮಣ್ಣಿನ ಗೋಡೆಯ) ಅಂಚಿಗೆ ಮಜ್ಜಿಗೆಹುಲ್ಲು. ಮಜ್ಜಿಗೆಹುಲ್ಲನ್ನು ಎರಡು ಅಡಿಗೊಂದು ಹಿಂಡಿಲಿನಂತೆ ನೆಟ್ಟರೆ ಧರೆ ಕುಸಿಯದಂತೆಯೂ ಹಿಡಿಯುತ್ತದೆ. ವರ್ಷಕ್ಕೊಮ್ಮೆ ಮಳೆಗೆ ಮೊದಲು ಅರ್ಧ ಅಡಿ ಬಿಟ್ಟು ಪೂರ್ತಿ ಕೊಯ್ಯಿರಿ, ಇಲ್ಲವೇ ಒಳಗೆಲ್ಲ ಒಣಹುಲ್ಲು.

ಮೆಟ್ಟಿಲ ಪಕ್ಕಕ್ಕೆ ಪೊದೆ ಕಾಳುಮೆಣಸು. ನರ್ಸರಿಯಲ್ಲಿ ಕೇಳುವಾಗ ಎಚ್ಚರ: ಬಳ್ಳಿಯ ಪಕ್ಕದ ಕೊಂಬೆಯಿಂದ ಮಾಡಿದ ಸಸಿ ಮಾತ್ರ ಪೊದೆಯಾಗಿ ನಿಲ್ಲುತ್ತದೆ, ಹಂಬಿನಿಂದ ಮಾಡಿದ್ದು ಮರ ಹುಡುಕುತ್ತದೆ. ಬುಡದಿಂದ ಉದ್ದಕ್ಕೆ ಹರಿಯುವ ಹಂಬು ಹೊರಟರೆ ಆಗಲೇ ಕತ್ತರಿಸಿ. ನಿಮ್ಮ ಮಳೆಗೆ ಅರಿಶಿನ, ಶುಂಠಿಯ ಗಡ್ಡೆ ಕೊಳೆಯುವುದು ಮಾಮೂಲು. ಮಡಿ ಮುಕ್ಕಾಲು ಅಡಿ ಎತ್ತರವಿರಲಿ, ಮೇಲೆ ದರಕಿನ (ಒಣ ಎಲೆಯ) ಹೊದಿಕೆ ಹಾಕಿ.

ಪ್ರ: ಎರೆಭೂಮಿ. ಗೇಟಿನ ಹತ್ತಿರ ನುಗ್ಗೆ, ಪಪ್ಪಾಯಿ ನೆಟ್ಟರೆ ಮಳೆಗಾಲದಲ್ಲಿ ಬುಡ ಕೊಳೆತು ಬೀಳುತ್ತವೆ.
— ಓದುಗರು, ಹುಬ್ಬಳ್ಳಿ

ಉ: ಎರಡಕ್ಕೂ ನಿಂತ ನೀರು ಆಗದು. ಎರೆಮಣ್ಣು ಒಮ್ಮೆ ನೀರು ಕುಡಿದರೆ ಬಿಡುವುದಿಲ್ಲ. ಪಪ್ಪಾಯಿಯ ಬುಡ ಒಂದೆರಡು ದಿನ ಜೌಗಾದರೂ ಕೊಳೆರೋಗ ಹತ್ತುತ್ತದೆ. ಗುಂಡಿ ತೋಡಿ ಕೆಮ್ಮಣ್ಣು ತುಂಬಿದರೆ ಇನ್ನೂ ಕೆಟ್ಟದ್ದು. ಸುತ್ತಲಿನ ನೀರೆಲ್ಲ ಬಂದು ಆ ಗುಂಡಿಯಲ್ಲೇ ನಿಲ್ಲುತ್ತದೆ. ಗುಂಡಿ ಬೇಡ, ದಿಬ್ಬ ಬೇಕು: ನೆಲದ ಮೇಲೆ ಮೂರು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಕಟ್ಟೆ, ಸುತ್ತ ಸಿಮೆಂಟಿಲ್ಲದೆ ಜೋಡಿಸಿದ ಕಲ್ಲು. ನೀರು ಸಂದಿಯಿಂದ ಹೊರಹೋಗುತ್ತದೆ, ನೋಡಲೂ ಲಕ್ಷಣ.

ನುಗ್ಗೆ ಗೇಟಿನಿಂದಲೂ ಕಾರಿನಿಂದಲೂ ಕನಿಷ್ಠ 8 ಅಡಿ ದೂರವಿರಲಿ. ಮರ ಬಲು ಟೊಳ್ಳು, ಮುಂಗಾರು ಪೂರ್ವದ ಗಾಳಿಗೆ ರೆಂಬೆ ಮುರಿಯುತ್ತದೆ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ಅಥವಾ ತಮಿಳುನಾಡಿನ ಪಿಕೆಎಂ-1 ತಳಿ ಹಾಕಿ, ಎರಡೂವರೆ ಅಡಿಗೆ ತುದಿ ಚಿವುಟಿ, ಪ್ರತಿ ವರ್ಷ ಕಾಯಿ ಮುಗಿದ ಮೇಲೆ ಮೂರು ಅಡಿಗೆ ಕಡಿದುಬಿಡಿ. ಆಗ ಮರವಾಗದೆ ಪೊದೆಯಾಗಿರುತ್ತದೆ, ಸೊಪ್ಪು ಕೈಗೆ ಎಟಕುತ್ತದೆ. ಮಳೆಗಾಲದಲ್ಲಿ ಕಂಬಳಿಹುಳು ಹಗಲು ಹೊತ್ತು ಕಾಂಡದ ಮೇಲೆ ಒತ್ತೊತ್ತಾಗಿ ಗುಂಪುಗೂಡಿರುತ್ತವೆ. ಉದ್ದ ತೋಳಿನ ಅಂಗಿ ಹಾಕಿಕೊಂಡು ಸೋಪಿನ ನೀರನ್ನು ಜೋರಾಗಿ ಚಿಮ್ಮಿಸಿ, ಬಿದ್ದವನ್ನು ಹೂಳಿ. ಮಕ್ಕಳು ಓಡಾಡುವ ದಾರಿಯ ಮೇಲೆ ನುಗ್ಗೆ ಬೇಡ ಎನ್ನುವುದು ಇದಕ್ಕೇ.

ಪಪ್ಪಾಯಿಯಲ್ಲಿ ರೆಡ್ ಲೇಡಿ ಅಥವಾ ಅರ್ಕಾ ಪ್ರಭಾತ್ ಆದರೆ ನೆಟ್ಟ ಗಿಡವೆಲ್ಲ ಕಾಯಿ ಬಿಡುತ್ತದೆ. ತಿಂದ ನಾಟಿ ಹಣ್ಣಿನ ಬೀಜ ಹಾಕಿದರೆ ಗಂಡುಗಿಡ ಬಂದು ಜಾಗ ದಂಡ.

ಪ್ರ: ಗೇಟಿನ ಮೇಲೆ ಕಮಾನು ಮಾಡಿ ಕೆಂಪು ದಂಟಿನ ಬಸಳೆ ಹಬ್ಬಿಸಿದ್ದೇವೆ. ಮಳೆ ಹಿಡಿದ ಮೇಲೆ ಎಲೆ ತುಂಬ ಕೆಂಪು ಅಂಚಿನ ಚುಕ್ಕೆ, ತೂತು.
— ಓದುಗರು, ಕಾರ್ಕಳ

ಉ: ಅದು ಶಿಲೀಂಧ್ರದ ಎಲೆಚುಕ್ಕೆ ರೋಗ. ಕರಾವಳಿಯ ಜೂನ್–ಆಗಸ್ಟ್ ಮಳೆಯಲ್ಲಿ ಅದನ್ನು ಪೂರ್ತಿ ತಡೆಯಲಾಗದು, ತಿನ್ನುವ ಸೊಪ್ಪಿಗೆ ಮದ್ದು ಹೊಡೆಯುವುದೂ ಬೇಡ. ಚುಕ್ಕೆಯ ಎಲೆಗಳನ್ನು ತೆಗೆದು ದೂರ ಹಾಕಿ, ಬಳ್ಳಿಯನ್ನು ತೆಳುವಾಗಿಸಿ ಗಾಳಿ ಆಡಲು ಬಿಡಿ. ಕಮಾನಿಗೆ ನಾವು ಹೇಳುವುದು ಬೇರೆ ಲೆಕ್ಕ: ಮಳೆಗಾಲದ ಮೊದಲಲ್ಲೇ ಬಳ್ಳಿಯನ್ನು ಮೊಳದೆತ್ತರಕ್ಕೆ ಕತ್ತರಿಸಿ, ಸೆಪ್ಟೆಂಬರ್ ಕೊನೆಗೆ ಮೂರು ನಾಲ್ಕು ಗಿಣ್ಣಿನ ಹೊಸ ತುಂಡುಗಳನ್ನು ಕಮಾನಿನ ಪ್ರತಿ ಕಾಲಿಗೆ ಎರಡರಂತೆ ನೆಡಿ. ಚಳಿಗಾಲದಿಂದ ಮೇವರೆಗೆ ಚಪ್ಪರ ತುಂಬಿರುತ್ತದೆ. ನಡುವಿನ ಆ ಮೂರು ನಾಲ್ಕು ತಿಂಗಳು ಅದೇ ಕಮಾನಿಗೆ ಹೀರೆ ಅಥವಾ ಪಡವಲ ಹಬ್ಬಿಸಿಕೊಳ್ಳಿ.

ಅದೇ ಬುಡದಲ್ಲಿ ವರ್ಷಾನುವರ್ಷ ಬಸಳೆ ಹಾಕಿದರೆ ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು ಸೇರುತ್ತದೆ. ಹಳೇ ಬಳ್ಳಿ ಕಿತ್ತಾಗ ಬೇರು ಮಣಿಸರದಂತೆ ಗಂಟುಗಂಟಾಗಿದ್ದರೆ ಒಂದು ವರ್ಷ ಅಲ್ಲಿ ಚೆಂಡುಹೂ ಬೆಳೆಯಿರಿ. ಇನ್ನೊಂದು ಮಾತು: ಬಸಳೆ ಹಣ್ಣಿನ ನೇರಳೆ ರಸ ಬಿಳಿ ಬಣ್ಣದ ಗೇಟಿಗೂ ಬಂದವರ ಪಂಚೆಗೂ ಹತ್ತುತ್ತದೆ. ಹೂಗೊಂಚಲು ಕಂಡಾಗಲೇ ಚಿವುಟಿ, ಸೊಪ್ಪೂ ಎಳಸಾಗಿರುತ್ತದೆ.

ಪ್ರ: ಕಾಂಪೌಂಡ್ ಬದಲು ಚಕ್ರಮುನಿ ಬೇಲಿ ಮಾಡಬಹುದೇ? ಅದರ ಹಸಿ ರಸ ದಿನಾ ಕುಡಿದರೆ ಒಳ್ಳೆಯದಂತೆ, ನಿಜವೇ?
— ಓದುಗರು, ಶಿವಮೊಗ್ಗ

ಉ: ದನ, ಆಡು ಬಾರದ ಕಡೆಗೆ ಒಳ್ಳೆಯ ಬೇಲಿ. ಜೂನ್‌ನಲ್ಲಿ ಪೆನ್ಸಿಲ್ ದಪ್ಪದ, ಗೇಣಿಗಿಂತ ತುಸು ಉದ್ದದ ಕಡ್ಡಿಗಳನ್ನು ಅಡಿಗೊಂದರಂತೆ ಎರಡು ಸಾಲು, ಒಂದರ ಸಂದಿಗೆ ಇನ್ನೊಂದು ಬರುವಂತೆ ನೆಡಿ. 20 ಅಡಿಗೆ 40 ಕಡ್ಡಿ, ಸಾಯುವುದಕ್ಕೆಂದು 10 ಹೆಚ್ಚು. ನಾಲ್ಕನೇ ತಿಂಗಳಿಂದ ಎರಡೂವರೆ ಅಡಿ ಎತ್ತರಕ್ಕೆ ಸಮವಾಗಿ ಕತ್ತರಿಸುತ್ತ ಬನ್ನಿ. ಒಂದು ಸಲ ಕೈಬಿಟ್ಟರೂ ಕಡ್ಡಿ ಮೇಲಕ್ಕೆ ಹೋಗಿ ಬುಡ ಬೋಳಾಗುತ್ತದೆ.

ಹಸಿ ರಸ ಕುಡಿಯಬೇಡಿ. 1994–95ರಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲೆಂದು ವಾರಗಟ್ಟಲೆ ಈ ಸೊಪ್ಪಿನ ಹಸಿ ರಸ ಕುಡಿದವರಲ್ಲಿ ಅನೇಕರಿಗೆ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಬಂತು. ಪಲ್ಯ, ಸಾರಿಗೆ ಬೇಯಿಸಿ, ಆಗಾಗ ತಿನ್ನುವುದಕ್ಕಷ್ಟೇ ಬಳಸಿ.

ಪ್ರ: ಲಾನ್ ತೆಗೆದು 100 ಚದರ ಅಡಿಗೆ ಒಂದೆಲಗ ಹಾಸಬಹುದೇ?
— ಓದುಗರು, ಬೆಂಗಳೂರು

ಉ: ಅರೆನೆರಳು, ದಿನವೂ ತೇವ ಇದ್ದರೆ ಸರಿ. ಅರ್ಧ ಅಡಿಗೊಂದು ಬೇರುಸಹಿತ ತುಣುಕು ಎಂದರೆ 400 ಬೇಕು. ಮೂರು ನಾಲ್ಕು ತಿಂಗಳಿಗೆ ಮುಚ್ಚಿಕೊಳ್ಳುತ್ತದೆ, ಅಲ್ಲಿಯವರೆಗೆ ಕಳೆ ಕೀಳುವ ಸಹನೆ ಬೇಕು. ತುಳಿದಾಟ ತಾಳದು, ಎರಡು ಅಡಿಗೊಂದು ಚಪ್ಪಡಿ ಹಾಕಿ. ಸಸಿಯನ್ನು ಚರಂಡಿ ಬದಿಯಿಂದ ತರಬೇಡಿ. ಬಟ್ಟೆ ಒಗೆದ ನೀರನ್ನೂ ಇದಕ್ಕೆ ಬಿಡಬೇಡಿ, ಹಸಿಯಾಗಿ ತಿನ್ನುವ ಎಲೆ. ಆ ನೀರು ಬಾಳೆಗೆ ಹೋಗಲಿ.

ಪ್ರ: ಅಂಗಳದಲ್ಲಿ ಮೊದಲಿಂದ ಇರುವ ಕಣಗಿಲೆ, ಡೈಫೆನ್‌ಬಾಕಿಯ (ದಪ್ಪ ದಂಟಿನ, ಚುಕ್ಕೆ ಎಲೆಯ ಅಲಂಕಾರದ ಗಿಡ) ನಡುವೆ ಸೊಪ್ಪು, ತರಕಾರಿ ಬೆಳೆದರೆ ತೊಂದರೆಯೇ?
— ಓದುಗರು, ದಾವಣಗೆರೆ

ಉ: ಮಣ್ಣಿನ ಮೂಲಕ ವಿಷ ಬರುವುದಿಲ್ಲ, ತೊಂದರೆ ಕೈತಪ್ಪಿನಿಂದ. ‘ಇಲ್ಲಿರುವುದೆಲ್ಲ ತಿನ್ನುವ ಗಿಡ’ ಎಂದು ಮಕ್ಕಳಿಗೆ ಒಮ್ಮೆ ಅಭ್ಯಾಸವಾದರೆ ಯಾವುದನ್ನೂ ಬಾಯಿಗಿಡುತ್ತಾರೆ. ಕಣಗಿಲೆಯ ಎಲೆ, ಹೂ, ಕಡ್ಡಿ ಎಲ್ಲವೂ ಹೃದಯಕ್ಕೆ ವಿಷ. ಡೈಫೆನ್‌ಬಾಕಿಯವನ್ನು ಕಚ್ಚಿದರೆ ನಾಲಿಗೆ, ಗಂಟಲು ಬಾತುಕೊಳ್ಳುತ್ತದೆ. ಎರಡನ್ನೂ ತೆಗೆಯುವುದೇ ಸರಿ. ಪೂಜೆಗೆ ಹೂ ಬೇಕೆಂದರೆ ಆ ಜಾಗಕ್ಕೆ ಐದೆಸಳಿನ ಕೆಂಪು ದಾಸವಾಳ ಹಾಕಿ, ಹೂವೂ ಎಲೆಯೂ ಅಡುಗೆಗೆ ಬರುತ್ತವೆ. ಹಿಟ್ಟುತಿಗಣೆ ಮಾತ್ರ ನೋಡಿಕೊಳ್ಳಿ, ದಾಸವಾಳದಿಂದ ಬದನೆ, ಬೆಂಡೆಗೆ ದಾಟುತ್ತದೆ. ಬಿಳಿ ಹಿಟ್ಟು ಕಂಡ ತುದಿಯನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಉಳಿದದ್ದಕ್ಕೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪಿನ ದ್ರವ ಕಲಸಿ ಸಂಜೆ ಸಿಂಪಡಿಸಿ.

ಕಡಿದ ಕಣಗಿಲೆ ಕಡ್ಡಿಯನ್ನು ಬಚ್ಚಲೊಲೆಗೆ ಹಾಕಬೇಡಿ, ಹೊಗೆಯೂ ಅಪಾಯ. ದನ, ಆಡಿನ ಬಾಯಿಗೆ ಸಿಗದಂತೆ ಆಳವಾಗಿ ಹೂಳಿ, ಕೈಯನ್ನು ಸೋಪಿನಲ್ಲಿ ತೊಳೆಯಿರಿ.